ಊರಿನ ಸತ್ಯಾಗ್ರಹಿಗಳ ಸ್ಮಾರಕಕ್ಕೆ ಅನುದಾನ: ಯಾರನ್ನು ಕೇಳುವುದು, ಏನೆಂದು ಕೇಳುವುದು?

ಕೆರೆ ಏರಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿವಪುರದಿಂದ ಬಹಳ ದೂರವಿಲ್ಲ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿದಾಗ, ನಿಷೇಧಾಜ್ಞೆ ಇದ್ದರೂ ಟಿ. ಸಿದ್ದಲಿಂಗಯ್ಯನವರು ಧ್ವಜ ಏರಿಸಲು ಮುಂದಾಗಿ ಬಂಧನಕ್ಕೊಳಗಾದ ಕಥೆ ಈ ಭಾಗದವರಿಗೆ ಹೊಸದಲ್ಲ. ಅಂದು ನಮ್ಮೂರಿನಿಂದಲೂ ಒಂದು ಗುಂಪು ಬುತ್ತಿ ಕಟ್ಟಿಕೊಂಡು ಹೋಗಿತ್ತು ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ. ನಮ್ಮ ಊರಿನಲ್ಲಿ ಏನೂ ಇಲ್ಲ.

ನಮ್ಮ ಯುವಕರ ಸಂಘ ಇಷ್ಟು ದಿನ ರಾಜ್ಯೋತ್ಸವ, ಗಣೇಶೋತ್ಸವ, ಕಬಡ್ಡಿ ಪಂದ್ಯಗಳಲ್ಲೇ ಇತ್ತು. ಈಗ ಬಸ್ ನಿಲ್ದಾಣದ ಬಳಿ ಧ್ವಜ ಹಿಡಿದು ನಿಂತ ಸತ್ಯಾಗ್ರಹಿಯ ಪ್ರತಿಮೆ, ಅದರ ಕೆಳಗೆ ಹೆಸರುಗಳ ಕಲ್ಲು, ಊರಿನ ಹೆಬ್ಬಾಗಿಲಿಗೆ ಕಮಾನು, ಉದ್ಘಾಟನೆಯ ದಿನ ಬಿಡುಗಡೆಗೆ ಒಂದು ಸಣ್ಣ ಪುಸ್ತಕ ಎಂದು ಯೋಚಿಸಿದ್ದೇವೆ. ಶಿಲ್ಪಿ ಮತ್ತು ಮೇಸ್ತ್ರಿ ಸೇರಿ ಕೊಟ್ಟ ಅಂದಾಜು 8 ಲಕ್ಷ ರೂಪಾಯಿ. ಪುಸ್ತಕಕ್ಕೆಂದು ಬೇರೆಯಾಗಿ 20 ಸಾವಿರ. ಸಂಘ ನೋಂದಣಿಯಾಗಿದೆ. ಇದಕ್ಕೆ ಅನುದಾನ ಎಲ್ಲಿ ಸಿಗುತ್ತದೆ? ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ, ಪುರಾತತ್ವದವರೋ, ಶಾಸಕರೋ? ಬಲ್ಲವರು ದಾರಿ ತೋರಿಸಿ.

ವಿ.ಸಿ. ನಾಲೆ, ಮಂಡ್ಯ

ತಮ್ಮಾ, ಸುತ್ತಿ ಬಳಸಿ ಹೋಗಬೇಡಿ. ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ಇರುತ್ತದೆ. ಊರಿನ ಹಿರಿಯರನ್ನು ಮುಂದೆ ಬಿಟ್ಟುಕೊಂಡು ಮನವಿ ಕೊಡಿ. ಉದ್ಘಾಟನೆಗೆ ಅವರನ್ನೇ ಕರೆಯುತ್ತೇವೆ ಎಂದು ಮೊದಲೇ ಹೇಳಿ. ಅರ್ಜಿ, ಲೆಕ್ಕಪರಿಶೋಧನೆ, ಪ್ರಮಾಣಪತ್ರ ಎಂದು ಕಚೇರಿಗಳ ಮೆಟ್ಟಿಲು ಹತ್ತುತ್ತಾ ಹೋದರೆ ಕಮಾನು ಎದ್ದು ನಿಲ್ಲುವುದು ನಿಮ್ಮ ಮಕ್ಕಳ ಕಾಲಕ್ಕೆ.

ಲೆಕ್ಕದ ಪುಸ್ತಕ, ಮೈಸೂರು

ನಾಲೆಯವರೇ, ಆ ಹಣ ಸಂಘದ ಖಾತೆಗೆ ಬರುವುದಿಲ್ಲ ಎಂಬುದನ್ನೂ ಹೇಳಿ. ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ನಿರ್ಮಿತಿ ಕೇಂದ್ರವೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ಕೆಲಸ ಮಾಡಿಸುತ್ತದೆ. ಕಲ್ಲು ಯಾವುದು, ಶಿಲ್ಪಿ ಯಾರು, ಅಕ್ಷರ ಎಷ್ಟು ದೊಡ್ಡದು ಎಂಬ ಮಾತಿನಲ್ಲಿ ಊರಿನವರ ಪಾತ್ರ ಕಡಿಮೆ. ಆಗ ಸತ್ಯಾಗ್ರಹಿಗಳ ಹೆಸರಿಗಿಂತ ಅನುದಾನ ಕೊಡಿಸಿದವರ ಹೆಸರು ದಪ್ಪಗೆ ಬಂದರೆ ಯಾರನ್ನೂ ದೂರುವಂತಿಲ್ಲ.

ಕೆರೆ ಏರಿಯವರೇ, ಒಂದು ಚೀಲದಲ್ಲಿ ನಾಲ್ಕು ಬೇರೆ ಬೇರೆ ಕೆಲಸ ತುಂಬಿದ್ದೀರಿ. ಬಿಡಿಸಿ ಹೇಳುತ್ತೇನೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಅರ್ಜಿ ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧು ಮೂಲಕ. ಆದರೆ ಅದು ಮುಖ್ಯವಾಗಿ ಚಟುವಟಿಕೆಗೆ: ಉತ್ಸವ, ವಿಚಾರ ಸಂಕಿರಣ, ರಂಗ ಪ್ರಯೋಗ, ಜನಪದ ಕಲೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯಡಿ ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನ ಎಂದಿದೆ. ಇಲ್ಲಿ ‘ನಿರ್ಮಾಣ’ ಎಂದರೆ ನಾಟಕ, ನೃತ್ಯಗಳ ನಿರ್ಮಾಣ, ಗಾರೆ ಕೆಲಸವಲ್ಲ. ಸಮ್ಮೇಳನ, ಸಂಶೋಧನೆ, ಕಾರ್ಯಾಗಾರ, ಪ್ರದರ್ಶನಗಳಿಗೆ ಸಾಮಾನ್ಯವಾಗಿ 5 ಲಕ್ಷದವರೆಗೆ ಕೇಳಬಹುದು. ಸಂಘಕ್ಕೆ 3 ವರ್ಷ ತುಂಬಿರಬೇಕು, ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ಕೇಂದ್ರದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಣಿ ಇರಬೇಕು. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರ ಕಚೇರಿ ಮೈಸೂರಿನಲ್ಲೇ ಇದೆ ನಿಜ, ಆದರೆ ಅವರ ಕೆಲಸ ಇರುವುದನ್ನು ಉಳಿಸುವುದು, ಹೊಸದನ್ನು ಕಟ್ಟುವುದಲ್ಲ.

ಒಟ್ಟಿನಲ್ಲಿ ನಿಮ್ಮ 8 ಲಕ್ಷದ ಭಾಗಕ್ಕೆ ಸರಿಹೊಂದುವ ಯೋಜನೆ ಹುಡುಕುವುದು ಕಷ್ಟ. 20 ಸಾವಿರದ ಭಾಗಕ್ಕೆ ಹಲವು ಬಾಗಿಲುಗಳಿವೆ. ಸಂಘದ ಲೆಕ್ಕ ಪ್ರತಿ ವರ್ಷ ಪರಿಶೋಧನೆಯಾಗಿದೆಯೇ? ನೋಂದಣಾಧಿಕಾರಿಯ ಕಚೇರಿಗೆ ವಾರ್ಷಿಕ ಪಟ್ಟಿ ಸಲ್ಲಿಸಿದ್ದೀರಾ? ಉತ್ತರ ‘ಇಲ್ಲ’ ಎಂದಾದರೆ ಮಿಕ್ಕ ಮಾತೆಲ್ಲ ಆಮೇಲೆ.

ಪಂಚಾಯಿತಿ ಕಟ್ಟೆ, ಮಳವಳ್ಳಿ ತಾಲ್ಲೂಕು

ನಾನು ಗ್ರಾಮ ಪಂಚಾಯಿತಿ ಸದಸ್ಯ. ಬಸ್ ನಿಲ್ದಾಣದ ಬಳಿ ಎಂದಿರಿ. ಆ ಜಾಗ ಯಾರದು? ರಸ್ತೆ, ಪಾದಚಾರಿ ಮಾರ್ಗ ಮತ್ತು ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಇಡಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಆದೇಶಿಸಿದೆ. ರಾತ್ರೋರಾತ್ರಿ ತಂದು ನಿಲ್ಲಿಸಿ, ಬೆಳಗ್ಗೆ ತಹಶೀಲ್ದಾರರು ಪೊಲೀಸರೊಂದಿಗೆ ಬಂದು, ಆಮೇಲೆ ಟಾರ್ಪಾಲು ಸುತ್ತಿದ ಪ್ರತಿಮೆಯ ಮುಂದೆ ಧರಣಿ ಕೂರುವುದು ನಮ್ಮ ಜಿಲ್ಲೆಯವರಿಗೆ ಹೊಸ ನೋಟವೇನಲ್ಲ. ಸತ್ಯಾಗ್ರಹಿಗಳಿಗೆ ಆ ಗತಿ ತರಬೇಡಿ. ಶಾಲೆಯ ಆವರಣ, ಗ್ರಂಥಾಲಯದ ಗೋಡೆ, ಪಂಚಾಯಿತಿ ಕಚೇರಿಯ ಮುಂಭಾಗ ಯೋಚಿಸಿ.

ಇನ್ನೊಂದು ಮಾತು. 2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಶಿಲಾಫಲಕ ನೆಟ್ಟರಲ್ಲ, ನಿಮ್ಮ ಪಂಚಾಯಿತಿಯದನ್ನು ಹೋಗಿ ಓದಿದ್ದೀರಾ? ಊರಿನ ವೀರರ ಹೆಸರು ಬರೆಯಿರಿ ಎಂದು ಅದರಲ್ಲಿ ಜಾಗವಿತ್ತು. ಹೆಸರು ಕೊಡಿ ಎಂದು ಮೇಲಿನಿಂದ ಕೇಳಿದಾಗ ಎಷ್ಟೋ ಕಡೆ ಕೊಡಲು ಯಾರ ಬಳಿಯೂ ಪಟ್ಟಿ ಇರಲಿಲ್ಲ. ಕಲ್ಲು ಬಂತು, ದುಡ್ಡೂ ಬಂತು, ಕೆತ್ತಲು ಹೆಸರಿಲ್ಲ.

ಕೆರೆ ಏರಿ, ಮದ್ದೂರು ತಾಲ್ಲೂಕು

ಲೆಕ್ಕ ಪರಿಶೋಧನೆ ಆಗಿದೆ, ವಾರ್ಷಿಕ ಪಟ್ಟಿಯ ಬಗ್ಗೆ ಕಾರ್ಯದರ್ಶಿಯನ್ನು ಕೇಳಬೇಕು. ಶಿಲಾಫಲಕ ನಮ್ಮಲ್ಲೂ ಇದೆ, ನಮ್ಮೂರಿನ ಒಂದು ಹೆಸರೂ ಅದರಲ್ಲಿಲ್ಲ. ಅದಕ್ಕೇ ಈ ಪ್ರಯತ್ನ. ಪುಸ್ತಕ ಮುಖ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ನೇರವಾಗಿ ಹೇಳಿಬಿಡುತ್ತೇನೆ, ಊರಿನವರು ಕೈಬಿಚ್ಚಿ ಚಂದಾ ಕೊಡುವುದು ಕಣ್ಣಿಗೆ ಕಾಣುವ ಕೆಲಸಕ್ಕೆ. ಪುಸ್ತಕಕ್ಕೆ ಎಂದರೆ ‘ಒಳ್ಳೆಯದು ಮಾಡಿ’ ಎಂದು ಹಾರೈಸಿ ಕಳುಹಿಸುತ್ತಾರೆ.

ಕಲ್ಲು ಹುಡುಕುವವಳು, ಮೈಸೂರು

ನಾನು ಶಾಸನ ಓದುವ ಹವ್ಯಾಸದವಳು. ನಿಮ್ಮ ತಾಲ್ಲೂಕಿನವರು ಸ್ಮಾರಕಕ್ಕೆ ಅನುದಾನ ಕೊಡುವುದನ್ನು ಹತ್ತನೆಯ ಶತಮಾನದಲ್ಲೇ ಕಂಡವರು. ಆತಕೂರು ಮದ್ದೂರು ತಾಲ್ಲೂಕಿನದೇ ಊರು. ಅಲ್ಲಿನ 949–50ರ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲರತನಿಗೆ ಏನು ಬೇಕು ಎಂದು ಕೇಳಿದಾಗ ಅವನು ಗಂಗ ದೊರೆ ಇಮ್ಮಡಿ ಬೂತುಗನಿಂದ ಆ ನಾಯಿಯನ್ನು ಬೇಡಿ ಪಡೆದ. ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಕಲ್ಲು ನಿಲ್ಲಿಸಿದರು. ಇಷ್ಟು ಕಥೆ ಶಾಲೆಯಲ್ಲಿ ಹೇಳುತ್ತಾರೆ. ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಆ ಕಲ್ಲಿಗೆಂದು ಎರಡು ಕಂಡುಗ (ಬಿತ್ತುವ ಬೀಜದ ಲೆಕ್ಕದ ಹಳೆಯ ಅಳತೆ) ಭೂಮಿಯನ್ನು ಬಿಟ್ಟರು. ಅಲ್ಲಿನ ಸ್ಥಾನವನ್ನು, ಅಂದರೆ ಗುಡಿಯನ್ನು, ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಕಲ್ಲಿನಲ್ಲೇ ಬರೆಸಿದರು.

ನೋಡಿ, ಯಾರಿಗಾಗಿ ಎಂಬುದು ಸ್ಪಷ್ಟ, ಹೆಸರು ಸ್ಪಷ್ಟ, ನೋಡಿಕೊಳ್ಳುವವನು ಯಾರು, ಅವನ ಹೊಟ್ಟೆಪಾಡಿಗೆ ಏನು, ತಪ್ಪಿದರೆ ಏನು ಎಂಬುದೂ ಸ್ಪಷ್ಟ. ನಿಮ್ಮ 8 ಲಕ್ಷದ ಅಂದಾಜಿನಲ್ಲಿ ಮುಂದಿನ ವರ್ಷ ಕಲ್ಲು ತೊಳೆಯುವವನಿಗೆ ಏನಿದೆ? ಇಂದಿನ ಅನುದಾನಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ನಿಲ್ಲಿಸುವ ದಿನಕ್ಕೆ ದುಡ್ಡುಂಟು, ಮರುದಿನದಿಂದ ಅದು ಅನಾಥ.

ಇನ್ನು ಹೆಸರುಗಳ ಮಾತು. ‘ಹಿರಿಯರು ಹೇಳುತ್ತಾರೆ’ ಎಂಬುದು ಅರ್ಜಿಯಲ್ಲಿ ನಿಲ್ಲುವುದಿಲ್ಲ. ಮೈಸೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಇದೆ, ಅಲ್ಲಿಂದ ಆರಂಭಿಸಿ. ಮೈಸೂರು ರೆಸಿಡೆನ್ಸಿಯ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆ ಕಾಲದ ‘ತಾಯಿನಾಡು’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕಡತಗಳಿರುತ್ತವೆ. ಆದರೆ ಪಿಂಚಣಿ ಪಟ್ಟಿಯನ್ನೇ ಪೂರ್ತಿ ಪಟ್ಟಿ ಎಂದುಕೊಳ್ಳಬೇಡಿ. ಕೇಂದ್ರದ ಸಮ್ಮಾನ ಪಿಂಚಣಿಗೆ ಸಾಮಾನ್ಯವಾಗಿ 6 ತಿಂಗಳ ಸೆರೆವಾಸ ತೋರಿಸಬೇಕಿತ್ತು, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 3 ತಿಂಗಳು. ನಡೆದು ಹೋಗಿ, ಏಟು ತಿಂದು, ವಾರದೊಳಗೆ ಮನೆ ಸೇರಿದವನ ಹೆಸರು ಅಲ್ಲಿ ಸಿಗುವುದಿಲ್ಲ. ನಿಮ್ಮೂರಿನವರು ಬಹುಶಃ ಆ ಗುಂಪಿನವರೇ.

ಅಗ್ರಹಾರದ ಅಜ್ಜ, ಮೈಸೂರು

ಈ ತಾಯಿ ಹೇಳಿದ್ದು ಸರಿ. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ದಿನವೂ ಸಾವಿರಾರು ಜನ ಬಸ್ಸಿಗೆ ಕಾಯುತ್ತಾರೆ. 1947ರಲ್ಲಿ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ದೇಶಕ್ಕೆ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದಿದ್ದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕೆ ಜನ ಅಕ್ಟೋಬರ್‌ವರೆಗೆ ಬಡಿದಾಡಬೇಕಾಯಿತು. ವೃತ್ತದಲ್ಲಿ ನಿಂತ ಕಾಲೇಜು ಹುಡುಗರನ್ನು ಕೇಳಿ ನೋಡಿ, ರಾಮಸ್ವಾಮಿ ಯಾರೋ ಹಳೆಯ ದಿವಾನರಿರಬೇಕು ಎನ್ನುತ್ತಾರೆ. ನಾನೇ ಕೇಳಿಸಿಕೊಂಡಿದ್ದೇನೆ.

ಶಿಲ್ಪಿ ಕೊಟ್ಟ ನಕ್ಷೆಯಲ್ಲಿ ಸತ್ಯಾಗ್ರಹಿಯ ಕೈಯಲ್ಲಿರುವ ಧ್ವಜದ ನಡುವೆ ಏನಿದೆ, ಸ್ವಲ್ಪ ನೋಡಿ ಹೇಳಪ್ಪ.

ಕೆರೆ ಏರಿ, ಮದ್ದೂರು ತಾಲ್ಲೂಕು

ಅಶೋಕ ಚಕ್ರ ಇದೆ ಅಜ್ಜ.

ಅಗ್ರಹಾರದ ಅಜ್ಜ, ಮೈಸೂರು

ಅಂದುಕೊಂಡೆ. 1938ರಲ್ಲಿ ಏರಿಸಿದ್ದು ಚರಕವಿದ್ದ ಕಾಂಗ್ರೆಸ್ ಧ್ವಜ. ಚಕ್ರವಿರುವ ರಾಷ್ಟ್ರಧ್ವಜವನ್ನು ಸಂವಿಧಾನ ಸಭೆ ಒಪ್ಪಿದ್ದು 1947ರ ಜುಲೈ 22ರಂದು. ಇದು ಬಣ್ಣದ ಸಣ್ಣ ಮಾತಲ್ಲ, ಇಡೀ ಜಗಳವೇ ಯಾವ ಧ್ವಜ ಎಂಬುದರ ಮೇಲಿತ್ತು. ಶಿವಪುರದ ಘಟನೆಯ ತಿಂಗಳಲ್ಲೇ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಬಳಿಕ ಸರ್ದಾರ್ ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತನಾಡಿದ ಮೇಲೆ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಬಹುದೆಂಬ ಒಪ್ಪಂದವಾಯಿತು. ಇಷ್ಟನ್ನು ಆರು ಸಾಲಿನಲ್ಲಿ ಬರೆದು ಹಾಕಿದರೆ ಓದಿದವನಿಗೆ ಏನೋ ತಿಳಿಯುತ್ತದೆ. ಬರಿಯ ‘ಅಮರ ವೀರರಿಗೆ ನಮನ’ದಿಂದ ಏನು ತಿಳಿಯುತ್ತದೆ?

ವಿ.ಸಿ. ನಾಲೆ, ಮಂಡ್ಯ

ಎಲ್ಲರೂ ಸೇರಿ ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೀರಿ. ದಾಖಲೆ ಸಿಗುವವರೆಗೆ ಕಾಯಬೇಕೆಂದರೆ ಹಳ್ಳಿಗಳಿಗೆ ಇತಿಹಾಸವೇ ಇಲ್ಲ ಎಂದಾಗುತ್ತದೆ. ದೊಡ್ಡವರ ಹೆಸರು ಕಡತದಲ್ಲಿರುತ್ತದೆ, ಕೂಲಿಯವನ ಹೆಸರು ಎಲ್ಲಿಂದ ಬರಬೇಕು?

ಹಲಗೆ ಬಳಪ, ಮಳವಳ್ಳಿ

ನಾಲೆ ಅಣ್ಣನ ಈ ಮಾತಿನಲ್ಲಿ ಹುರುಳಿದೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಡತದಲ್ಲಿಲ್ಲದ ಹೆಸರುಗಳಿಗೆ ಇರುವ ದಾರಿ ಬಾಯಿಮಾತನ್ನು ದಾಖಲೆಯಾಗಿ ಮಾಡುವುದು. 1938ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರು ಈಗ ತೊಂಬತ್ತೈದು ದಾಟಿದ್ದಾರೆ. ಕಮಾನು ಐದು ವರ್ಷ ಬಿಟ್ಟು ಕಟ್ಟಿದರೂ ನಷ್ಟವಿಲ್ಲ. ಇವರನ್ನು ಈ ಬೇಸಿಗೆ ಕಳೆಯುವುದರೊಳಗೆ ಮಾತನಾಡಿಸಬೇಕು. ಹೇಳಿದವರ ಹೆಸರು, ವಯಸ್ಸು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ, ದಿನಾಂಕ, ಒಪ್ಪಿಗೆ ಸಹಿ, ಎಲ್ಲವೂ ಇರಲಿ. ಒಂದೇ ಸಂಗತಿಯನ್ನು ಬೇರೆ ಬೇರೆ ಮನೆಯವರು ತಮ್ಮಷ್ಟಕ್ಕೆ ಹೇಳಿದರೆ ಅದಕ್ಕೊಂದು ತೂಕ ಬರುತ್ತದೆ.

ಯಾವ ಮನೆಗಳಿಗೆ ಹೋಗುತ್ತೀರಿ ಎಂಬುದನ್ನೂ ಯೋಚಿಸಿ. ಗೌಡರ ಜಗಲಿ, ದೇವಸ್ಥಾನದ ಕಟ್ಟೆ ಇಷ್ಟಕ್ಕೇ ನಿಂತರೆ ಪಟ್ಟಿ ಹೇಗಿರುತ್ತದೆ ಎಂದು ಈಗಲೇ ಹೇಳಬಲ್ಲೆ. ಕಾಲೊನಿಗೂ ಹೋಗಿ. ಹೆಂಗಸರ ಬಳಿ ಕುಳಿತು ಕೇಳಿ. ನಮ್ಮ ಅಜ್ಜಿಯ ಹೆಸರು ಯಾವ ಕಲ್ಲಿನ ಮೇಲೂ ಬರುವುದಿಲ್ಲ, ಆದರೆ ಬುತ್ತಿ ಕಟ್ಟಿದವರು ಯಾರು, ಗಂಡಸರು ಠಾಣೆಯಲ್ಲಿದ್ದಾಗ ದನಕ್ಕೆ ಹುಲ್ಲು ಹಾಕಿದವರು ಯಾರು ಎಂಬುದು ಅವಳಿಗೆ ಮನೆ ಮನೆಯ ಲೆಕ್ಕದಲ್ಲಿ ಗೊತ್ತಿತ್ತು. ಕೇಳಲು ಯಾರೂ ಬರಲಿಲ್ಲ.

ರಂಗದ ಹಿಂದೆ, ಮೈಸೂರು

ಅನುದಾನ ಪಡೆದು ಕೈ ಸುಟ್ಟುಕೊಂಡವನ ಎರಡು ಮಾತು. ಯಾವ ಕಚೇರಿ ಎಂದು ಹೇಳುವುದಿಲ್ಲ. ನಮ್ಮ ತಂಡಕ್ಕೆ ಮಂಜೂರಾತಿ ಪತ್ರ ಬಂದಾಗ ಸಿಹಿ ಹಂಚಿದೆವು. ಮೊದಲ ಕಂತು ಬಂತು, ಕಾರ್ಯಕ್ರಮ ಮುಗಿಯಿತು, ಉಳಿದ ಕಂತಿಗೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆಯುತ್ತಾ ಆರ್ಥಿಕ ವರ್ಷ ದಾಟಿತು. ಧ್ವನಿವರ್ಧಕದವನು, ಶಾಮಿಯಾನದವನು ಮನೆ ಬಾಗಿಲಿಗೆ ಬಂದರು. ಕೈಗಡ ಮಾಡಿ ತೀರಿಸಿದೆವು. ಆದ್ದರಿಂದ ಮಂಜೂರಾದ ಮೊತ್ತವನ್ನು ನೋಡಿ ಕಾರ್ಯಕ್ರಮ ಹಿಗ್ಗಿಸಬೇಡಿ, ಮೊದಲ ಕಂತಿನಲ್ಲಿ ಮುಗಿಯುವಷ್ಟೇ ಮಾಡಿ. ಕೊನೆಯ ಕಂತು ಬಂದರೆ ಅದು ನೀವು ಕೈಯಿಂದ ಹಾಕಿದ್ದು ಮರಳಿ ಬಂದಂತೆ.

ಬಡ್ಡಿಗೆ ತಂದು ಸ್ಮಾರಕ ಮಾಡುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಲೆಕ್ಕದ ಪುಸ್ತಕ, ಮೈಸೂರು

ರಂಗದವರ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಕೇಂದ್ರದ ಅನುದಾನವಾದರೆ ಹಣ ಬಳಕೆ ಪ್ರಮಾಣಪತ್ರ ನಮೂನೆ 12-ಎ ಯಲ್ಲಿ ಬೇಕು, ಲೆಕ್ಕಪರಿಶೋಧಕರ ಸಹಿಯೊಂದಿಗೆ. ಯೋಜನೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಗಣೇಶನ ಚಂದಾ ಅದರಲ್ಲಿ ಬೀಳಕೂಡದು. ಬಿಳಿ ಹಾಳೆಯಲ್ಲಿ ‘ಸಂದಾಯವಾಗಿದೆ’ ಎಂದು ಬರೆಸಿಕೊಂಡ ಚೀಟಿ ಬಿಲ್ಲಲ್ಲ. ವೆಚ್ಚದ ಒಂದು ಪಾಲನ್ನು ಸಂಘವೇ ಹಾಕಬೇಕಾಗುತ್ತದೆ, ಅದನ್ನೂ ಅಂದಾಜಿನಲ್ಲಿ ತೋರಿಸಿ.

ಅಂದಾಜು ಪಟ್ಟಿಗಳನ್ನು ನೋಡಿ ನೋಡಿ ನನಗೆ ಬಂದಿರುವ ಒಂದು ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳುತ್ತೇನೆ: ಶಾಲು, ಪೇಟ, ಹಾರ, ಸ್ಮರಣಿಕೆ. ಸಂಶೋಧನೆಗೆ ಕೇಳಿದ ಹಣದ ಅರ್ಧ ಗಣ್ಯರ ಹೆಗಲ ಮೇಲೆ ಕೂರುತ್ತದೆ. ಅರ್ಜಿ ಓದುವವರಿಗೂ ಇದು ಕಾಣುತ್ತದೆ. ಬದಲಿಗೆ ಧ್ವನಿಮುದ್ರಣ, ಬೆರಳಚ್ಚು, ಪತ್ರಾಗಾರದ ಓಡಾಟ, ಪ್ರದರ್ಶನದ ಫಲಕಗಳು, ಮುದ್ರಣ ಎಂದು ಬರೆಯಿರಿ. ನಿಮ್ಮ ಪುಸ್ತಕ ಮತ್ತು ಪ್ರದರ್ಶನವನ್ನು ಸರಿಯಾಗಿ ಲೆಕ್ಕ ಹಾಕಿದರೆ 20 ಸಾವಿರದಲ್ಲಿ ಆಗುವುದಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ (ಸಿಎಸ್‌ಆರ್) ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಇದೆ, ಸಾರ್ವಜನಿಕ ಗ್ರಂಥಾಲಯವೂ ಇದೆ. 5 ಕೋಟಿ ನಿವ್ವಳ ಲಾಭವೋ, 1,000 ಕೋಟಿ ವಹಿವಾಟೋ, 500 ಕೋಟಿ ನಿವ್ವಳ ಮೌಲ್ಯವೋ, ಒಂದಾದರೂ ಇರುವ ಕಂಪನಿ ತನ್ನ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥವುಗಳಿಗೆ ಖರ್ಚು ಮಾಡಬೇಕು. ಗೆಜ್ಜಲಗೆರೆ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಲ್ಲಿ ಕೇಳಿ ನೋಡಬಹುದು. ಆದರೆ ಹಣ ನೇರವಾಗಿ ಪಡೆಯುವ ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಮತ್ತು ಸಿಎಸ್‌ಆರ್-1 ನಮೂನೆ ಬೇಕು. ಕಬಡ್ಡಿ ಸಂಘಕ್ಕೆ ಇದು ಸದ್ಯ ಭಾರ. ಕಂಪನಿಯೇ ಗ್ರಂಥಾಲಯದ ಕಪಾಟು, ಪ್ರದರ್ಶನ ಫಲಕಗಳನ್ನು ನೇರವಾಗಿ ಮಾಡಿಸಿಕೊಟ್ಟರೆ ನಿಮಗೆ ಕಾಗದದ ತೊಂದರೆ ಕಡಿಮೆ.

ಪಂಚಾಯಿತಿ ಕಟ್ಟೆ, ಮಳವಳ್ಳಿ ತಾಲ್ಲೂಕು

ಕಾಲೊನಿಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆಯಡಿ ಸಂಸ್ಕೃತಿ ಇಲಾಖೆಯಲ್ಲೂ ಪ್ರತ್ಯೇಕ ಹಣ ಇರುತ್ತದೆ. ಕಾಲೊನಿಯ ತಮಟೆ ತಂಡ, ತತ್ವಪದದವರು ಇದ್ದರೆ ಅವರ ಹೆಸರಿನಲ್ಲೇ, ಅವರ ಖಾತೆಗೇ ಬರುವಂತೆ ಅರ್ಜಿ ಹಾಕಿಸಿ. ನಿಮ್ಮ ಸಂಘ ಅವರನ್ನು ಮುಂದಿಟ್ಟು ಹಣ ಪಡೆಯುವ ಕೆಲಸ ಮಾಡಬಾರದು. ಅಂಥದ್ದನ್ನು ಕಂಡಿದ್ದೇನೆ, ಅದಕ್ಕೇ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೇನೆ.

ಕೆರೆ ಏರಿ, ಮದ್ದೂರು ತಾಲ್ಲೂಕು

ನಿನ್ನೆ ರಾತ್ರಿ ಸಂಘದಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಜೋರು ಮಾತು ನಡೆಯಿತು. ಕಮಾನು ಬೇಕೇ ಬೇಕು ಎನ್ನುವವರು ಇನ್ನೂ ಇದ್ದಾರೆ, ಅವರ ವಾದ ಸುಳ್ಳೇನಲ್ಲ: ಪಕ್ಕದೂರಿಗೆ ಕಮಾನಿದೆ. ಕೊನೆಗೆ ಒಪ್ಪಿದ್ದು ಹೀಗೆ. ಮೊದಲು ಹೆಸರುಗಳ ಕೆಲಸ, ಹಿರಿಯರ ಧ್ವನಿಮುದ್ರಣ. ಅದಕ್ಕೆ ಶಾಲೆಯ ಮಕ್ಕಳನ್ನೂ ಸೇರಿಸಿಕೊಳ್ಳುವುದು. ಆಮೇಲೆ ಪುಸ್ತಕ, ಗ್ರಂಥಾಲಯದಲ್ಲಿ ಚಿತ್ರಪ್ರದರ್ಶನ, ಇದಕ್ಕೆ ಅನುದಾನದ ಅರ್ಜಿ. ಪ್ರತಿಮೆ ಸದ್ಯಕ್ಕಿಲ್ಲ. ಹೆಸರುಗಳ ಕಲ್ಲನ್ನು ಊರಿನ ಚಂದಾದಲ್ಲೇ ಶಾಲೆಯ ಆವರಣದಲ್ಲಿ ನಿಲ್ಲಿಸುವುದು, ಚರಕದ ಧ್ವಜ ಕೆತ್ತಿಸುವುದು. ಕಲ್ಲಿನ ಕೆಳಭಾಗದಲ್ಲಿ ಜಾಗ ಬಿಟ್ಟಿರುತ್ತೇವೆ, ಮುಂದೆ ಹೆಸರು ಸಿಕ್ಕರೆ ಸೇರಿಸಲು.

ಒಂದು ಪ್ರಶ್ನೆ. ಕೆರೆಯ ತೂಬಿನ ಬಳಿ ಎರಡು ವೀರಗಲ್ಲುಗಳು ಅರ್ಧ ಹೂತು ಬಿದ್ದಿವೆ. ಅವನ್ನೂ ಎತ್ತಿ ತಂದು ಬಣ್ಣ ಬಳಿದು ಪಕ್ಕದಲ್ಲೇ ನಿಲ್ಲಿಸೋಣವೇ?

ಕಲ್ಲು ಹುಡುಕುವವಳು, ಮೈಸೂರು

ಬೇಡವೇ ಬೇಡ! ಜೆಸಿಬಿ ಹತ್ತಿರ ತರಬೇಡಿ. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಲ್ಲು ಇರುವ ಜಾಗವೂ ಅದರ ಮಾತಿನ ಭಾಗ. ಕೆರೆಯ ಬಳಿ ಇದೆಯೆಂದರೆ ಆ ವೀರ ಅಲ್ಲಿಯೇ ಸತ್ತಿರಬಹುದು. ಎನಾಮಲ್ ಬಣ್ಣ ಬಳಿದರೆ ಸಣ್ಣ ಅಕ್ಷರಗಳು ಮುಚ್ಚಿಹೋಗುತ್ತವೆ. ನೀರು ಮತ್ತು ಮೆತ್ತನೆಯ ಬ್ರಷ್ ಸಾಕು, ಸೋಪಿನ ಪುಡಿ ಬೇಡ. ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ. ಅಕ್ಷರವಿದ್ದರೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಏಳನೇ ಸಂಪುಟದಲ್ಲಿ ನಿಮ್ಮ ತಾಲ್ಲೂಕಿನ ಶಾಸನಗಳಿವೆ, ಹೋಲಿಸಿ ನೋಡುತ್ತೇನೆ. ಸಂಪುಟದಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ, ಪತ್ರ ಬರೆಯೋಣ.

ಪಂಚಾಯಿತಿ ಕಟ್ಟೆ, ಮಳವಳ್ಳಿ ತಾಲ್ಲೂಕು

ಶಾಲೆಯ ಆವರಣಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಪ್ಪಿಗೆ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಅನುಮತಿ ಪಡೆಯಿರಿ. ಪಂಚಾಯಿತಿ ಠರಾವಿನಲ್ಲಿ ಎರಡು ವಿಷಯ ಬರೆಸಿ: ಜಾಗದ ಸರ್ವೆ ನಂಬರ್, ಮತ್ತು ಕಲ್ಲಿನ ನಿರ್ವಹಣೆಗೆ ಪಂಚಾಯಿತಿಯ ಸ್ವಂತ ಆದಾಯದಿಂದ ಪ್ರತಿ ವರ್ಷ ಒಂದು ಮೊತ್ತ. ಚಿಕ್ಕದಾದರೂ ಆಯವ್ಯಯದಲ್ಲಿ ಒಂದು ಸಾಲು ಇದ್ದರೆ ಮುಂದೆ ಬರುವ ಅಧ್ಯಕ್ಷರು ಯಾರಾದರೂ ಅದನ್ನು ಕೇಳಬಹುದು. ಹೆಸರುಗಳ ಪಟ್ಟಿಯನ್ನು ಕೆತ್ತಿಸುವ ಮೊದಲು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ತಕರಾರು ಇದ್ದರೆ ಅಂದೇ ಬರಲಿ, ಕಲ್ಲಿನ ಮೇಲೆ ಬೇಡ.

ಲೆಕ್ಕದ ಪುಸ್ತಕ, ಮೈಸೂರು

ಅರ್ಜಿ ತುಂಬುವ ಮೊದಲು ಸಂಘದ ಬೈಲಾ ತೆಗೆದು ಉದ್ದೇಶಗಳ ಪುಟ ನೋಡಿ. ಕ್ರೀಡೆ ಮತ್ತು ಹಬ್ಬ ಮಾತ್ರ ಬರೆದಿದ್ದರೆ, ಇತಿಹಾಸ ಸಂಶೋಧನೆಗೆ ಅನುದಾನ ಕೇಳುವ ಅರ್ಜಿ ಮೊದಲ ಮೇಜಿನಲ್ಲೇ ನಿಲ್ಲುತ್ತದೆ. ಸರ್ವಸದಸ್ಯರ ಸಭೆ ಕರೆದು ತಿದ್ದುಪಡಿ ಮಾಡಿ, ನೋಂದಣಾಧಿಕಾರಿಯ ಬಳಿ ದಾಖಲಿಸಬೇಕು. ಆ ಪುಟದ ಫೋಟೊ ಹಾಕಿ, ಯಾವ ಸಾಲು ಸೇರಿಸಬೇಕೆಂದು ಹೇಳುತ್ತೇನೆ.

ಕೆರೆ ಏರಿ, ಮದ್ದೂರು ತಾಲ್ಲೂಕು

ಬೈಲಾ ಹಿಂದಿನ ಕಾರ್ಯದರ್ಶಿಯ ಮನೆಯಲ್ಲಿದೆಯಂತೆ. ಅವರು ಮಗಳ ಊರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ. ವೀರಗಲ್ಲಿನ ಫೋಟೊವನ್ನು ಮಾತ್ರ ಇವತ್ತೇ ಸಂಜೆ ಹಾಕುತ್ತೇನೆ, ಮೇಡಂ.